ಕೆಂಪು ಕಾರಿಗೆ ಮೂರು ಹನಿ

ನನ್ನ ಷಡ್ಡಕನಿಗೆ ‘ಮೂರು ಹನಿ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಾನಂತೂ ಅಲ್ಲ. ಅಷ್ಟು ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲವಲ್ಲ ಎಂಬ ಹೊಟ್ಟೆಯುರಿ ಮಾತ್ರ ಇಂದಿಗೂ ಇದೆ.

ಅವರು ಹೊಲಿಗೆ ಮಷೀನು ರಿಪೇರಿ ಮಾಡುವವರು. ಬೀದಿಯ ಮೂಲೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಳಗೆ ಚಕ್ರ ಕಳಚಿದ, ಬೆಲ್ಟು ಹರಿದ, ದಾರ ನುಂಗಿ ಅಜೀರ್ಣ ಮಾಡಿಕೊಂಡ ಮಷೀನುಗಳ ಆಸ್ಪತ್ರೆ. ಯಾವ ಮಷೀನು ಬಂದರೂ ಅವರು ಮೊದಲು ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ಉದ್ದ ಮೂತಿಯ ಎಣ್ಣೆ ಡಬ್ಬಿ ಎತ್ತಿಕೊಂಡು ಮಷೀನಿನ ತಲೆಯ ಮೇಲಿರುವ ಸಣ್ಣ ತೂತುಗಳಿಗೆ ಮೂರು ಮೂರು ಹನಿ ಬಿಡುತ್ತಾರೆ. ಬಹುಪಾಲು ಮಷೀನುಗಳು ಅಷ್ಟಕ್ಕೇ ಸರಿಹೋಗುತ್ತವೆ. ಕಷ್ಟ ಶುರುವಾದದ್ದೇ ಅಲ್ಲಿಂದ. ಮೂರು ಹನಿಗೆ ಸರಿಹೋಗದ ವಸ್ತು ಲೋಕದಲ್ಲೇ ಇಲ್ಲವೆಂದು ಅವರು ನಂಬಿಬಿಟ್ಟರು. ಬಾಗಿಲು ಕಿರುಗುಟ್ಟಿದರೆ ಮೂರು ಹನಿ, ಗಡಿಯಾರ ನಿಂತರೆ ಮೂರು ಹನಿ. ಒಮ್ಮೆ ನಾನು ಮೊಣಕಾಲು ನೋವು ಎಂದಾಗ ಅವರು ಡಬ್ಬಿಯ ಕಡೆ ಕಣ್ಣು ಹಾಯಿಸಿದ್ದನ್ನು ನಾನು ಮರೆತಿಲ್ಲ.

ನಾನು ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಕಾಗದಗಳ ಮೇಲೆ ಮುದ್ರೆ ಒತ್ತಿ ನಿವೃತ್ತನಾದವನು. ಅವರು ನನ್ನನ್ನು ‘ಪೋಸ್ಟು’ ಎಂದು ಕರೆಯುತ್ತಾರೆ. ಹೆಂಡತಿಯ ಅಕ್ಕನ ಗಂಡನಾದ್ದರಿಂದ ನಾನು ‘ಭಾವ’ ಎನ್ನುತ್ತೇನೆ. ಷಡ್ಡಕರೆಂದರೆ ಒಂದೇ ಅಂಗಡಿಯಲ್ಲಿ ಮೋಸಹೋದ ಇಬ್ಬರು ಗಿರಾಕಿಗಳು ಎಂದು ಹಿರಿಯರು ಹೇಳುತ್ತಾರೆ. ನಮ್ಮ ನಡುವೆ ಪ್ರೀತಿಯೂ ಇತ್ತು, ಪೈಪೋಟಿಯೂ ಇತ್ತು. ಒಂದು ವಿಷಯದಲ್ಲಿ ಮಾತ್ರ ನಾನು ಮುಂದಿದ್ದೆ. ನನಗೆ ಆಗಲೇ ಅಳಿಯ ಬಂದಿದ್ದ. ಅದೂ ಎಂಥ ಅಳಿಯ! ನಾನು ಏನು ಹೇಳಿದರೂ ‘ಸರಿ ಮಾವ’ ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಈ ಸಂಗತಿಯನ್ನು ಭಾವನಿಗೆ ಆಗಾಗ ಜ್ಞಾಪಿಸುವುದು ನನ್ನ ಚಿಕ್ಕ ಸಂತೋಷಗಳಲ್ಲಿ ಒಂದಾಗಿತ್ತು.

ಹೀಗಿರುವಾಗ ಭಾವನ ಮಗಳಿಗೂ ಒಬ್ಬ ಹುಡುಗ ಗೊತ್ತಾದ. ಇಬ್ಬರೂ ತಾವೇ ಮೆಚ್ಚಿಕೊಂಡಿದ್ದರು. ಹುಡುಗ ಕಾರು ಕಂಪನಿಯಲ್ಲಿ, ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಎಲ್ಲ ಸರಿಯಾಗಿತ್ತು, ಹುಡುಗನ ತಾಯಿ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಆಕೆ ಶಾಲೆಯೊಂದರ ನಿವೃತ್ತ ಹೆಡ್ ಮಿಸ್. ಭಾನುವಾರ ಬಂದು ಮನೆ ನೋಡಿ, ಮನೆಯವರನ್ನು ನೋಡಿ, ಆಮೇಲೆ ಹೇಳುತ್ತೇನೆ ಎಂದಿದ್ದರು. ಭಾವನ ಮಗಳು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ತಾಯಿಯನ್ನು ರೈಲಿನಲ್ಲಿ ಕರೆತರಲು ಹೊರಟ ಹುಡುಗ ತನ್ನ ಕಾರನ್ನು ಭಾವನ ಅಂಗಳದಲ್ಲಿ ಬಿಟ್ಟುಹೋದ. ಕಾರು ಅವನದಲ್ಲ, ಕಂಪನಿಯದು. ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ನಿಂತಿದ್ದರೂ ಓಡುತ್ತಿರುವಂಥ ಮುಖ. ಬೀದಿಗೆ ಬೀದಿಯೇ ಕಾಂಪೌಂಡಿನ ಮೇಲೆ ಗದ್ದವೂರಿ ನೋಡಿತು.

“ಕಾರು ಸುಮ್ನೆ ಇಲ್ಲೇ ನಿಂತಿರ್ಲಿ ಮಾವ. ಸರಿಸ್ಬೇಕಾಗಿ ಬಂದ್ರೆ ಕೀ ತಗೊಳ್ಳಿ,” ಎಂದ ಹುಡುಗ. ಹೊರಡುವ ಆತುರದಲ್ಲಿ ಮಾತಿಗೆ ಮಾತು ಸೇರಿಸಿ, “ವಾಪಸ್ ಬಂದ್ಮೇಲೆ ಆಯಿಲ್ ಬೇರೆ ಬದಲಾಯಿಸ್ಬೇಕು. ಇಂಥ ಎಂಜಿನ್ನಿಗೆ ಸರಿಯಾದ ಆಯಿಲ್ಲೇ ಹಾಕ್ಬೇಕು, ಅದೊಂದು ತಲೆನೋವು,” ಎಂದ.

ಭಾವನ ಕಿವಿ ನೆಟ್ಟಗಾಯಿತು. “ಎಣ್ಣೇನಾ? ಎಣ್ಣೆ ವಿಷಯ ನನಗೆ ಬಿಟ್ಬಿಡಿ ಅಳಿಯಂದ್ರೇ!”

ರೈಲಿಗೆ ಹೊತ್ತಾಗುತ್ತಿತ್ತು. ಹುಡುಗ ನಕ್ಕು, “ಸರಿ ಮಾವ,” ಎಂದು ಹೊರಟುಹೋದ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮದುವೆ ಇನ್ನೂ ನಿಶ್ಚಯವಾಗದ ಹುಡುಗನಿಗೆ ಹೆಣ್ಣಿನ ತಂದೆ ‘ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ’ ಎಂದರೂ ಅವನು ‘ಸರಿ ಮಾವ’ ಎಂದೇ ಹೇಳಬೇಕು. ಇದು ಎಲ್ಲರಿಗೂ ತಿಳಿದ ವಿಚಾರ. ಭಾವನಿಗೆ ತಿಳಿಯಲಿಲ್ಲ.

“ಪಾಪ, ಬಾಯ್ಮಾತಿಗೆ ಅಂದಿದ್ದು ಕಣ್ರೀ ಅದು,” ಎಂದರು ಅತ್ತಿಗೆ.

“ಬಾಯಲ್ಲಿ ಆಡದೆ ಮೂಗಲ್ಲಿ ಆಡ್ತಾರಾ ಮಾತ್ನ? ನನ್ನನ್ನ ನಂಬಿ ಒಂದು ಕೆಲಸ ಒಪ್ಪಿಸಿದ್ದಾರೆ. ಅವರಮ್ಮ ಬರೋಷ್ಟರಲ್ಲಿ ಮುಗಿಸಿರ್ಬೇಕು. ಏ ಪೋಸ್ಟು, ಚಪ್ಪಲಿ ಹಾಕ್ಕೋ!”

ನಾವು ಹೋದದ್ದು ಮುಖ್ಯರಸ್ತೆಯ ಆಯಿಲ್ ಅಂಗಡಿಗೆ. ಅಂಗಡಿಯವರು ಗೋಡೆಯುದ್ದಕ್ಕೂ ಬಣ್ಣಬಣ್ಣದ ಕ್ಯಾನು ಜೋಡಿಸಿಕೊಂಡು ಕೂತಿದ್ದರು.

“ಯಾವ ಕಾರಿಗೆ ಸಾರ್?”

“ಕೆಂಪು ಕಾರಿಗೆ,” ಎಂದರು ಭಾವ.

“ಬಣ್ಣ ಅಲ್ಲ ಸಾರ್. ಎಂಜಿನ್ ಎಂಥದು?”

“ಜೋರಾಗಿ ಓಡೋ ಅಂಥದು.”

ಅಂಗಡಿಯವರು ತಾಳ್ಮೆಯ ಮನುಷ್ಯ. ಒಂದು ಕ್ಯಾನು ಇಳಿಸಿ ಅದರ ಮೇಲಿನ ನಂಬರು ತೋರಿಸಿದರು. “ನೋಡಿ ಸಾರ್, ಮೊದಲ್ನೇ ನಂಬರು, ಎಂಜಿನ್ ತಣ್ಣಗಿರೋವಾಗ ಎಣ್ಣೆ ಎಷ್ಟು ಬೇಗ ಹರಿಯುತ್ತೆ ಅಂತ. ಕಡಿಮೆ ಇದ್ದಷ್ಟೂ ಬೇಗ. ಎರಡನೇದು, ಕಾದ್ಮೇಲೆ ಎಷ್ಟು ದಪ್ಪ ಉಳಿಯುತ್ತೆ ಅಂತ. ತೀರಾ ತೆಳು ಆದ್ರೂ ಕಷ್ಟ, ತೀರಾ ದಪ್ಪ ಆದ್ರೂ ಕಷ್ಟ. ಕಾರು ಮಾಡಿದವರು ಯಾವುದು ಹೇಳಿದ್ದಾರೋ ಅದನ್ನೇ ಹಾಕ್ಬೇಕು. ಕಾರಲ್ಲಿ ಪುಸ್ತಕ ಇರುತ್ತೆ, ನೋಡ್ಕೊಂಡು ಬನ್ನಿ.”

“ನಾನು ಪುಸ್ತಕ ನೋಡಿ ಕೆಲಸ ಕಲಿತವನಲ್ಲ,” ಎಂದರು ಭಾವ ಗಂಭೀರವಾಗಿ.

ಅಷ್ಟು ಉದ್ದದ ಉಪದೇಶದಲ್ಲಿ ಅವರ ತಲೆಗೆ ಹೋದದ್ದು ‘ಬೇಗ ಹರಿಯುತ್ತೆ’ ಎಂಬುದೊಂದೇ. ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲವೆಂದು ಹಟ ಹಿಡಿದರು. ಹಿಂದೆ ಬೇರೆ ಗಿರಾಕಿಗಳು ನಿಂತಿದ್ದರು. ಇವರು ತೊಲಗಿದರೆ ಸಾಕೆಂದು ಅಂಗಡಿಯವರು ಖಾಲಿ ಕ್ಯಾನುಗಳ ತಳದಲ್ಲಿ ಉಳಿದದ್ದನ್ನು ನಾಲ್ಕಾರು ಔಷಧಿ ಸೀಸೆಗಳಿಗೆ ಬಸಿದುಕೊಟ್ಟರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಣ್ಣೆಗಳ ಓಟದ ಪಂದ್ಯ ನಡೆಯಿತು. ತಮಾಷೆಯಲ್ಲ, ನಿಜವಾಗಿಯೂ ನಡೆಯಿತು. ಭಾವ ತಮ್ಮ ಅಂಗಡಿಯ ಹಳೆಯ ಗಾಜಿನ ಹಲಗೆಯೊಂದನ್ನು ತಂದು ಇಟ್ಟಿಗೆಗಳ ಮೇಲೆ ಓರೆಯಾಗಿ ನಿಲ್ಲಿಸಿದರು. ಮೇಲಿನ ಅಂಚಿನಿಂದ ಒಂದೊಂದು ಎಣ್ಣೆಯ ಒಂದೊಂದು ಹನಿ ಏಕಕಾಲಕ್ಕೆ ಬಿಡಬೇಕು. ಮೊದಲು ಕೆಳಗೆ ತಲುಪಿದ್ದು ಗೆದ್ದಿತು. “ಓಡೋ ಕಾರಿಗೆ ಓಡೋ ಎಣ್ಣೆ,” ಎಂದು ಅವರು ಸಿದ್ಧಾಂತ ಮಂಡಿಸಿದರು. ತರ್ಕದಲ್ಲಿ ಎಲ್ಲೋ ಒಂದು ತೂತಿದೆ ಎಂದು ನನಗೆ ಅನಿಸಿತು. ಎಲ್ಲಿ ಎಂದು ಕೇಳಿದರೆ ತೋರಿಸಲು ಬರುತ್ತಿರಲಿಲ್ಲ. ಆದ್ದರಿಂದ ನಾನು ಗಾಜು ಒರೆಸಿದೆ.

ಜನ ಸೇರಲು ತಡವಾಗಲಿಲ್ಲ. ಎದುರು ಮನೆಯ ನಿವೃತ್ತ ಬಸ್ ಡ್ರೈವರೂ ಪಕ್ಕದ ಮನೆಯ ನರ್ಸಮ್ಮನೂ ಮೊದಲೇ ಎಣ್ಣೆ ಸೀಗೆಕಾಯಿ. ಈಗ ಅವರಿಗೆ ಜಗಳಕ್ಕೆ ಒಳ್ಳೆಯ ವಿಷಯ ಸಿಕ್ಕಿತು.

“ದಪ್ಪ ಎಣ್ಣೆಗೆ ಸಮ ಇಲ್ಲ. ನಾನು ನನ್ನ ಬಸ್ಸಿಗೆ ಜೇನುತುಪ್ಪದ ಥರ ಇರೋದನ್ನೇ ಹಾಕಿಸ್ತಿದ್ದೆ,” ಎಂದರು ಡ್ರೈವರು.

“ಬಸ್ಸು ಓಡ್ತಿತ್ತಾ?” ಎಂದರು ನರ್ಸಮ್ಮ.

“ಓಡೋದು ಬೇರೆ ವಿಷಯ. ಎಂಜಿನ್ ಸದ್ದೇ ಬರ್ತಿರ್ಲಿಲ್ಲ.”

“ರಕ್ತ ದಪ್ಪ ಆದ್ರೆ ಏನಾಗುತ್ತೆ ಅಂತ ನಾನು ದಿನಾ ನೋಡ್ತೀನಿ ಸ್ವಾಮಿ. ನಿಮ್ಮ ಮಾತು ಕೇಳಿದ್ರೆ ಕಾರಿಗೂ ಲಕ್ವ ಹೊಡೆಯುತ್ತೆ.”

ಬೀದಿ ಎರಡು ಪಕ್ಷವಾಯಿತು. ದಪ್ಪದವರು ಗೇಟಿನ ಎಡಕ್ಕೆ, ತೆಳುವಿನವರು ಬಲಕ್ಕೆ. ಗದ್ದಲ ಕೇಳಿ ಗಸ್ತಿನ ಪೊಲೀಸಪ್ಪ ಬಂದರು. “ಏನ್ರೀ ಇಲ್ಲಿ, ಜೂಜಾ?” ಎಂದು ಗದರಿದರು. ವಿಷಯ ತಿಳಿದ ಮೇಲೆ ಟೋಪಿ ತೆಗೆದು ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಂಗಾರದ ಬಣ್ಣದ ಎಣ್ಣೆಯನ್ನು ಬಹಳ ಹೊತ್ತು ನೋಡಿ, “ಇದು ಗೆಲ್ಲುತ್ತೆ, ಮುಖದಲ್ಲೇ ಕಳೆ ಇದೆ,” ಎಂದು ಅಭಿಪ್ರಾಯಪಟ್ಟರು. ಪಂದ್ಯ ಶುರುಮಾಡುವ ಸೀಟಿಯನ್ನೂ ತಾವೇ ಊದುವುದಾಗಿ ಒಪ್ಪಿಕೊಂಡರು.

ಕೊನೆಯ ಗಳಿಗೆಯಲ್ಲಿ ಭಾವ, “ಒಂದು ಸಾಲು ಖಾಲಿ ಇದೆಯಲ್ಲ, ಗೌರವಕ್ಕೆ ಇದೂ ಇರ್ಲಿ,” ಎಂದು ತಮ್ಮ ಹೊಲಿಗೆ ಮಷೀನಿನ ಎಣ್ಣೆಯನ್ನೂ ಸಾಲಿನಲ್ಲಿ ನಿಲ್ಲಿಸಿದರು.

ಸೀಟಿ ಮೊಳಗಿತು. ಪೊಲೀಸಪ್ಪ ಅದನ್ನು ಬಾಯಿಂದ ತೆಗೆಯುವ ಮೊದಲೇ ಹೊಲಿಗೆ ಮಷೀನಿನ ಎಣ್ಣೆ ಗಾಜು ದಾಟಿ, ಇಟ್ಟಿಗೆ ದಾಟಿ, ಅವರ ಬೂಟಿನ ಮೇಲೆ ಬಿದ್ದಿತ್ತು. ಉಳಿದವು ಇನ್ನೂ ಹೊರಡುವುದೋ ಬೇಡವೋ ಎಂದು ಯೋಚಿಸುತ್ತಿದ್ದವು.

ಭಾವ ಎದ್ದು ನಿಂತರು. ಕಣ್ಣಲ್ಲಿ ನೀರಿತ್ತು. “ಇಷ್ಟು ವರ್ಷ ಕೈಯಲ್ಲೇ ಇಟ್ಕೊಂಡಿದ್ದೆ ಪೋಸ್ಟು. ಬೆಲೆ ಗೊತ್ತಿರ್ಲಿಲ್ಲ,” ಎಂದರು. ಜನ ಚಪ್ಪಾಳೆ ತಟ್ಟಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಅವರ ಸ್ವಭಾವ. ಮೊಲ ಪಂದ್ಯ ಬೇರೆ ಗೆದ್ದುಬಿಟ್ಟರೆ ಇನ್ನು ಹೇಳುವವರು ಯಾರು?

ಮಧ್ಯಾಹ್ನ ನಾವಿಬ್ಬರೂ ಕಾರಿನ ಬಾನೆಟ್ ತೆರೆಯಲು ಕೂತೆವು. ಒಳಗಿದ್ದ ಹಿಡಿಕೆಗಳನ್ನು ಒಂದೊಂದಾಗಿ ಎಳೆದಾಗ ಮೊದಲು ಡಿಕ್ಕಿ ತೆರೆಯಿತು, ಆಮೇಲೆ ಪೆಟ್ರೋಲ್ ಮುಚ್ಚಳ ತೆರೆಯಿತು, ಆಮೇಲೆ ನನ್ನ ಸೀಟು ನನ್ನನ್ನೂ ಸೇರಿಸಿಕೊಂಡು ಹಿಂದಕ್ಕೆ ಮಲಗಿತು. ಕೊನೆಗೆ ಬಾನೆಟ್ ಬಾಯಿಬಿಟ್ಟಿತು. ನೋಡಿದರೆ ಎಂಜಿನ್ನೇ ಕಾಣುವುದಿಲ್ಲ, ಎಲ್ಲದರ ಮೇಲೂ ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ. ಅದರ ನಡುವೆ ಎರಡು ಮುಚ್ಚಳ. ಒಂದರ ಮೇಲೆ ಮೂತಿಯಿರುವ ಪಾತ್ರೆಯ ಚಿತ್ರ. ಇನ್ನೊಂದರ ಮೇಲೆ ಚಿಮ್ಮುವ ಹನಿಗಳ ಚಿತ್ರ.

“ಭಾವ, ಇದು ಟೀ ಕೆಟಲ್,” ಎಂದೆ ನಾನು. ಚಿತ್ರ ನೋಡಿ ಅರ್ಥ ಹೇಳುವುದರಲ್ಲಿ ನನಗೆ ಅನುಭವವಿದೆ, ಎಷ್ಟು ದೇಶದ ಅಂಚೆಚೀಟಿ ನೋಡಿಲ್ಲ. “ಕೆಟಲ್ ಅಂದ್ರೆ ಬಿಸಿನೀರು. ನೀರು ಹಾಕೋ ಜಾಗ ಇದು.”

“ಹೌದು ಮತ್ತೆ! ಇಲ್ಲಿ ನೋಡು, ಹನಿ! ಹನಿ ಅಂದ್ರೆ ಎಣ್ಣೆ. ಎಷ್ಟು ಸ್ಪಷ್ಟವಾಗಿ ಬರೆದಿದ್ದಾರೆ!” ಎಂದು ಭಾವ ಹನಿಯ ಮುಚ್ಚಳ ತೆಗೆದು, ಒಳಗೆ ಬತ್ತಿಹೋಗಿರುವುದನ್ನು ಕಂಡು, ತಮ್ಮ ಅಂಗಡಿಯಿಂದ ತಂದ ದೊಡ್ಡ ಡಬ್ಬಿಯ ಹೊಲಿಗೆ ಮಷೀನಿನ ಎಣ್ಣೆಯನ್ನು ಗಟಗಟ ಸುರಿದರು. ಮೂರು ಹನಿಯ ಮನುಷ್ಯ ಜೀವನದಲ್ಲಿ ಮೊದಲ ಸಲ ಡಬ್ಬಿಯನ್ನೇ ಬೋರಲು ಹಾಕಿದ್ದು ಅದು. ಅಳಿಯನೆಂದರೆ ಸುಮ್ಮನೆಯೇ!

ಬಾನೆಟ್ ಮುಚ್ಚಿದ ಮೇಲೆ ಅದರ ಮೇಲ್ಭಾಗದಲ್ಲಿ ಎರಡು ಪುಟ್ಟ ತೂತುಗಳು ಅವರ ಕಣ್ಣಿಗೆ ಬಿದ್ದವು. ಹೊಲಿಗೆ ಮಷೀನಿನ ತಲೆಯ ಮೇಲೂ ಹೀಗೇ ಎಣ್ಣೆ ತೂತುಗಳಿರುತ್ತವಲ್ಲ! “ಇಲ್ಲೂ ಬಿಡ್ಬೇಕು. ಅಯ್ಯೋ, ಕಟ್ಕೊಂಡ್ಬಿಟ್ಟಿದೆ ಕಣೋ,” ಎಂದು ಮಷೀನಿನ ದಪ್ಪ ಸೂಜಿ ತಂದು ಚುಚ್ಚಿ, ತಿರುವಿ, ಬಾಯಿ ಅಗಲ ಮಾಡಿ, ಮೂರು ಮೂರು ಹನಿ ಬಿಟ್ಟು, ಬಟ್ಟೆಯಲ್ಲಿ ಒರೆಸಿದರು.

ಭಾನುವಾರ ಬೆಳಿಗ್ಗೆ ಮನೆ ಕನ್ನಡಿಯ ಹಾಗಿತ್ತು. ಅತ್ತಿಗೆ ಪರದೆಗಳಿಗೆ ಇಸ್ತ್ರಿ ಹಾಕಿದ್ದರು. ಮಗಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿದ್ದಳು. ಅಷ್ಟರಲ್ಲಿ ಆಯಿಲ್ ಅಂಗಡಿಯವರು ಆ ಕಡೆ ಹೋಗುತ್ತಿದ್ದವರು ಗೇಟಿನಲ್ಲಿ ನಿಂತು, “ಏನಾಯ್ತು ಸಾರ್ ಪರೀಕ್ಷೆ? ಯಾವುದು ಆರಿಸಿದ್ರಿ?” ಎಂದು ಕೇಳಿದರು.

ಭಾವ ಎದೆಯುಬ್ಬಿಸಿ ಹೇಳಿದರು.

ಅಂಗಡಿಯವರು ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಹೊಲಿಗೆ ಮಷೀನ್ ಎಣ್ಣೇನಾ? ಎಂಜಿನ್ನಿಗಾ? ಸ್ಟಾರ್ಟ್ ಮಾಡಿದ್ರಾ? ಇಲ್ವಾ? ಮಾಡ್ಬೇಡಿ! ದಯವಿಟ್ಟು ಮಾಡ್ಬೇಡಿ! ಆ ತೆಳು ಎಣ್ಣೆ ಬಿಸಿ ತಡೆಯಲ್ಲ ಸಾರ್. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ಹಿಡ್ಕೊಂಡ್ಬಿಡುತ್ತೆ. ಆಮೇಲೆ ಅದನ್ನ ಗುಜರಿಗೆ ಹಾಕ್ಬೇಕಷ್ಟೆ!”

ಭಾವನ ಮುಖ ಬಿಳುಚಿಕೊಂಡಿತು. ಕಾರು ಕಂಪನಿಯದು. ಎಂಜಿನ್ ಹೋದರೆ ಹುಡುಗನ ಕೆಲಸ ಹೋಯಿತು. ಮಗನ ಕೆಲಸ ಕಳೆದ ಮನೆಯಿಂದ ಹೆಡ್ ಮಿಸ್ ಹೆಣ್ಣು ತರುತ್ತಾರೆಯೆ? “ನನ್ನ ಕೈಯಾರೆ ಮಗಳ ಬಾಳಿಗೆ ಎಣ್ಣೆ ಸುರಿದ್ಬಿಟ್ನಲ್ಲೋ,” ಎಂದು ಪಿಸುಗುಟ್ಟಿದರು.

ಆ ಕ್ಷಣಕ್ಕೇ ಟ್ಯಾಕ್ಸಿ ಬಂದು ನಿಂತಿತು.

ಹೆಡ್ ಮಿಸ್ ಇಳಿದರು. ಮಡಿಕೆ ಮುರಿಯದ ಬಿಳಿ ಉಡುಪು, ನೆಟ್ಟಗಿನ ಬೆನ್ನು, ಯಾರನ್ನು ನೋಡಿದರೂ ಹಾಜರಿ ಹಾಕುವಂಥ ನೋಟ. ಕಾಫಿ ಕುಡಿದರು. ಪರದೆ ನೋಡಿದರು. ಮಗಳನ್ನು ಎರಡು ಪ್ರಶ್ನೆ ಕೇಳಿದರು. ಇನ್ನೇನು ಮುಖ ಸಡಿಲವಾಗುತ್ತಿದೆ ಎನ್ನುವಾಗ ಹುಡುಗ ಎದ್ದ. “ಅಮ್ಮಾ, ನಿಮ್ಮನ್ನ ಆ ಕಾರಲ್ಲಿ ಒಂದೇ ಒಂದು ಸುತ್ತು ಕರ್ಕೊಂಡು ಹೋಗ್ತೀನಿ. ಮಾವ, ಕೀ?”

“ಇನ್ನೊಂದು ಲೋಟ ಕಾಫಿ ಕುಡೀರಿ,” ಎಂದರು ಭಾವ.

“ಆಗಲೇ ಎರಡಾಯಿತು,” ಎಂದರು ಹೆಡ್ ಮಿಸ್.

“ಹೊರಗೆ ಬಿಸಿಲು ಜೋರು.”

“ಮೋಡವಿದೆ.”

“ಕೀ ಎಲ್ಲೋ ಕಳೆದ್ಹೋಗಿದೆ!”

ಕೀ ಅವರ ಅಂಗಿಯ ಜೇಬಿನಿಂದ ಹೊರಗೆ ನೇತಾಡುತ್ತಿತ್ತು. ಹೆಡ್ ಮಿಸ್ ಅದನ್ನು ನೋಡಿದರು, ಭಾವನನ್ನು ನೋಡಿದರು. ಹುಡುಗ ನಕ್ಕು ಕೀ ತೆಗೆದುಕೊಂಡು ಅಂಗಳಕ್ಕಿಳಿದ. ನಾವೆಲ್ಲ ಹಿಂದೆ ಓಡಿದೆವು. ಗೇಟಿನ ಎಡಬಲಕ್ಕೆ ಎರಡೂ ಪಕ್ಷದವರು ಮೊದಲೇ ಬಂದು ನಿಂತಿದ್ದರು.

ಹುಡುಗ ಬಾಗಿಲು ತೆರೆದ. ಆಗ ಭಾವ ಹೋಗಿ ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು.

“ಸ್ಟಾರ್ಟ್ ಮಾಡ್ಬೇಡಿ ಅಳಿಯಂದ್ರೇ! ತಪ್ಪು ನಂದು. ನಿಮ್ಮ ಎಂಜಿನ್ನಿಗೆ ಹೊಲಿಗೆ ಮಷೀನ್ ಎಣ್ಣೆ ಹಾಕ್ಬಿಟ್ಟಿದ್ದೀನಿ. ಗೊತ್ತಿಲ್ದೆ ಹಾಕ್ದೆ. ಗೊತ್ತಿದೆ ಅನ್ಕೊಂಡು ಹಾಕ್ದೆ, ಅದೇ ದೊಡ್ಡ ತಪ್ಪು. ಏನು ಬೈಯೋದಿದ್ರೂ ನನ್ನನ್ನ ಬೈರಿ. ನನ್ನ ಮಗಳ ತಪ್ಪೇನೂ ಇಲ್ಲ.”

ಹುಡುಗನ ಮುಖ ಕಾರಿನ ಬಣ್ಣ ಬಿಟ್ಟು ಉಳಿದೆಲ್ಲ ಬಣ್ಣವಾಯಿತು. ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದ. ಬೆರಳಲ್ಲಿ ಉಜ್ಜಿ ನೋಡಿದ, ಮೂಸಿದ. ಇನ್ನೊಮ್ಮೆ ಅದ್ದಿದ.

“ಮಾವ, ಎಲ್ಲಿಗೆ ಹಾಕಿದ್ರಿ?”

ಭಾವ ಹನಿಯ ಮುಚ್ಚಳ ತೋರಿಸಿದರು.

ಹುಡುಗ ಕಾರಿಗೆ ಒರಗಿದ. ಹಾಗೇ ಜಾರಿ ನೆಲದ ಮೇಲೆ ಕೂತ. ಅಳುತ್ತಿದ್ದಾನೆಂದು ನಾವು ಹೆದರಿದೆವು. ನಗುತ್ತಿದ್ದ. “ಅದು ಮುಂದಿನ ಗಾಜು ತೊಳೆಯೋ ನೀರಿನ ಡಬ್ಬಿ ಮಾವ! ಎಂಜಿನ್ನಿಗೆ ಏನೂ ಆಗಿಲ್ಲ. ಒಂದು ಹನಿನೂ ಹೋಗಿಲ್ಲ!”

ಹೋದ ಜೀವ ಬಂದಂತಾಯಿತು. ಅತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಡ್ರೈವರು ನರ್ಸಮ್ಮನ ಕೈ ಕುಲುಕಿದರು. ಭಾವ ಕಾರಿನ ಸುತ್ತ ಒಂದು ಸುತ್ತು ಬಂದು ಅದರ ಕಣ್ಣು ಮೂಗು ಸವರಿದರು.

“ಮತ್ತೆ ಆ ಕೆಟಲ್?” ಎಂದು ಕೇಳಿದೆ.

“ಅದು ಎಣ್ಣೆ ಡಬ್ಬಿ ಚಿಕ್ಕಪ್ಪ. ಅದೇ ಎಂಜಿನ್ನಿಗೆ ಹಾಕೋ ಜಾಗ.”

ಅಂದರೆ ಎಂಜಿನ್ ಉಳಿಸಿದವನು ನಾನು. ಇದನ್ನು ಯಾರೂ ಎತ್ತಿ ಆಡಲಿಲ್ಲ. ಆದ್ದರಿಂದ ನಾನೇ ಇಲ್ಲಿ ಆಡುತ್ತಿದ್ದೇನೆ.

ಆಯಿಲ್ ಅಂಗಡಿಯವರಿಗೆ ಮಾತ್ರ ನಂಬಿಕೆ ಬರಲಿಲ್ಲ. “ತೋರಿಸ್ತೀನಿ ನೋಡಿ,” ಎಂದು ಹುಡುಗ ಬಾನೆಟ್ ಮುಚ್ಚಿ, ಒಳಗೆ ಕೂತು, ಗಾಜು ತೊಳೆಯುವ ಹಿಡಿಕೆ ಎಳೆದ. ನೀರು ಮುಂದಿನ ಗಾಜಿನ ಮೇಲೆ ಬೀಳಬೇಕಾದದ್ದು. ಆದರೆ ಭಾವ ಸೂಜಿಯಿಂದ ತಿರುವಿ ತಿರುವಿ ಆ ತೂತುಗಳ ಮುಖವನ್ನೇ ಆಕಾಶಕ್ಕೆ ಎತ್ತಿಬಿಟ್ಟಿದ್ದರಲ್ಲ. ಎರಡು ಎಳೆ ಎಣ್ಣೆ ಸೊಯ್ಯನೆ ಎದ್ದು, ಆ ತಗ್ಗು ಕಾರಿನ ನೆತ್ತಿಯನ್ನು ಸೊಗಸಾಗಿ ದಾಟಿ ಹಿಂದಕ್ಕೆ ಹೋಯಿತು. ಅಪಾಯದಿಂದ ದೂರವಿರಬೇಕೆಂದು ಕಾರಿನ ಹಿಂದೆ ನಿಂತಿದ್ದವರು ಹೆಡ್ ಮಿಸ್ ಒಬ್ಬರೇ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಎಂದು ಗಾದೆ. ಅವರು ಮುಚ್ಚಿಕೊಂಡರು, ಒಳ್ಳೆಯದೇ ಆಯಿತು.

ಬಿಳಿ ಉಡುಪು ಭುಜದಿಂದ ಮೊಣಕಾಲಿನವರೆಗೆ ತೊಯ್ದಿತ್ತು. ಅವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ತೋಳಿನ ಮೇಲಿನ ಎಣ್ಣೆಯನ್ನು ಮೂಸಿ ನೋಡಿದರು.

“ಕಲೆ ಹೋಗುತ್ತದೆಯೆ?” ಎಂದು ಕೇಳಿದರು.

ತಮಗೆ ನಿಜವಾಗಿ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಆ ವಾರ ಭಾವನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. “ಹೋಗುತ್ತೆ ಅಮ್ಮಾ! ಸೋಪಲ್ಲಿ ಒಂದ್ಸಲ ಒಗೆದ್ರೆ ಗುರುತೂ ಇರಲ್ಲ. ಬಟ್ಟೆ ಹೊಲಿಯೋ ಮಷೀನಿಗೆ ಹಾಕೋ ಎಣ್ಣೆ ಅಲ್ವಾ, ಬಟ್ಟೆ ಹಾಳಾಗ್ಬಾರ್ದು ಅಂತ್ಲೇ ಹಾಗೆ ಮಾಡಿರ್ತಾರೆ. ಇವರ ಅಂಗಡಿ ಎಣ್ಣೆ ಆಗಿದ್ರೆ ನಿಮ್ಮ ಉಡುಪು ಇವತ್ತಿಗೆ ನೆಲ ಒರೆಸೋ ಬಟ್ಟೆ!”

ಹೆಡ್ ಮಿಸ್ ಕನ್ನಡಕ ಹಾಕಿಕೊಂಡರು. “ಹಾಗಾದರೆ ಎಣ್ಣೆ ಸರಿಯಾಗಿಯೇ ಆರಿಸಿದ್ದೀರಿ,” ಎಂದರು. ತುಟಿಯ ಒಂದು ತುದಿ ಅಲುಗಿತು, ಆಮೇಲೆ ಇನ್ನೊಂದು. ಆಮೇಲೆ ಅವರು ನಕ್ಕರು ನೋಡಿ, ಶಾಲೆಗೆ ದಿಢೀರ್ ರಜೆ ಕೊಟ್ಟ ಹಾಗೆ ಬೀದಿಯೆಲ್ಲ ನಕ್ಕಿತು. “ತಪ್ಪು ಮಾಡಿ ಕಾರಿನ ಮುಂದೆ ಬಂದು ನಿಂತು ಹೇಳಿದರಲ್ಲ. ಅಷ್ಟು ಸಾಕು. ಒಳಗೆ ನಡೆಯಿರಿ, ದಿನ ಗೊತ್ತುಮಾಡೋಣ.” ಭಾವನ ಮಗಳು ಅಂದು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಮದುವೆಯಾಗಿ ಕೆಲವು ತಿಂಗಳ ಮೇಲೆ ನಾನು ಭಾವನ ಮನೆಯಲ್ಲಿದ್ದಾಗ ಅವರ ಅಳಿಯ ಬಂದಿದ್ದ. ಈ ಸಲ ನೀಲಿ ಕಾರು. ಭಾವ ಅದರ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ಕಿವಿಗೊಟ್ಟು ಕೇಳಿ, “ಅಳಿಯಂದ್ರೇ, ಕಿರ್ ಅಂತಿದೆ. ಒಂದು ಮೂರು ಹನಿ...” ಎಂದರು.

“ಬೇಡ ಮಾವ,” ಎಂದ ಅಳಿಯ, ಪತ್ರಿಕೆಯಿಂದ ತಲೆಯೆತ್ತದೆ.

ಭಾವನ ಮುಖ ಅರಳಿತು. ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು. “ಕೇಳಿದ್ಯಾ ಪೋಸ್ಟು? ಬೇಡ ಅಂದ್ರು! ಮುಖಕ್ಕೆ ಹೊಡೆದ ಹಾಗೆ ಬೇಡ ಅಂದ್ರು! ಹೊರಗಿನವರು ಹೀಗೆ ಅಂತಾರಾ? ಮನೆ ಮಗನೇ ಆಗ್ಬಿಟ್ರು ಕಣೋ!”

ನನಗೆ ಯಾಕೋ ಅಲ್ಲಿ ಕಾಫಿ ರುಚಿಸಲಿಲ್ಲ. ಮನೆಗೆ ಬಂದವನೇ ನನ್ನ ಅಳಿಯನಿಗೆ ಫೋನ್ ಮಾಡಿದೆ. “ನೋಡಪ್ಪಾ, ನಿನ್ನ ಕಾರಿನ ಎಂಜಿನ್ನಿಗೆ ಒಂದು ಡಬ್ಬಿ ಹೊಲಿಗೆ ಮಷೀನ್ ಎಣ್ಣೆ ಹಾಕೋಣ ಅಂತಿದ್ದೀನಿ,” ಎಂದೆ.

‘ಬೇಡ ಮಾವ’ ಎಂಬ ಮಾತಿಗಾಗಿ ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆ.

“ಸರಿ ಮಾವ,” ಎಂದ.